ಅಂಗೈಯಲ್ಲಿ ಸರಸ್ವತಿ, ಮೂರನೆಯವನಿಗೆ ಒಂದು ಏಟು

(ಶಿಕ್ಷಕರಾಗಲು ತರಬೇತಿ ಪಡೆಯುತ್ತಿರುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತು ಇದು. ಮನೆಗೆ ಬಂದು ಬರೆಯುವಾಗ ಕೆಲವು ಕಡೆ ಚೂರು ಸೇರಿಸಿದ್ದೇನೆ. ಎರಡು ಜೋಕು ತೆಗೆದುಹಾಕಿದ್ದೇನೆ, ಅವು ಬಾಯಲ್ಲಿ ಚೆನ್ನಾಗಿದ್ದವು, ಬರಹದಲ್ಲಿ ಸಪ್ಪೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಇವತ್ತು ನಾನು ನಿಮಗೆ ನೀತಿ ಹೇಳಲು ಬಂದಿಲ್ಲ. ನೀತಿ ಹೇಳಿದವರ ಕತೆ ಹೇಳಲು ಬಂದಿದ್ದೇನೆ. ಬ್ರಿಟಿಷರ ಕಾಲದಲ್ಲಿ ನಮ್ಮ ಕಡೆಯ ಮಾಸ್ತರುಗಳು ಮಕ್ಕಳಿಗೆ ದೇವರನ್ನು ಹೇಗೆ ಕಲಿಸಿದರು, ಒಳ್ಳೆಯದು ಕೆಟ್ಟದ್ದನ್ನು ಹೇಗೆ ಕಲಿಸಿದರು ಅನ್ನುವ ಕತೆ.

ಎಲ್ಲರೂ ಬಲಗೈ ಮುಂದೆ ಮಾಡಿ. ಅಂಗೈ ಮೇಲಕ್ಕೆ. ಹಾಂ, ಹಾಗೇ ಇರಲಿ.

ಈಗ 1823ನೆಯ ಇಸವಿ. ಬಳ್ಳಾರಿ ಸೀಮೆ. ಬೆಳಗ್ಗೆ ಆರು ಗಂಟೆ. ನೀವು ಐಗಳ ಮಠಕ್ಕೆ, ಅಂದರೆ ಊರ ಮಾಸ್ತರರ ಶಾಲೆಗೆ, ಓದಲು ಬಂದಿದ್ದೀರಿ. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಐಗಳು ಸರಸ್ವತಿಯ ಹೆಸರು ಬರೆಯುತ್ತಾರೆ. ಅದು ಮರ್ಯಾದೆ. ಎರಡನೆಯವನ ಅಂಗೈಗೆ ಒಂದು ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು. ನಾಲ್ಕನೆಯವನಿಗೆ ಎರಡು. ಆಮೇಲೆ ಬಂದವರಿಗೆಲ್ಲ ಒಂದೊಂದು ಜಾಸ್ತಿ. ಆಗ ಒಂದು ಮಠದಲ್ಲಿ ಸುಮಾರು ಹನ್ನೆರಡು ಮಕ್ಕಳಿರುತ್ತಿದ್ದರು. ಲೆಕ್ಕ ಹಾಕಿ. ಕೊನೆಯವನಿಗೆ ಹತ್ತು.

ಕೈ ಇಳಿಸಬಹುದು.

ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. 1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಎಲ್ಲ ಕಲೆಕ್ಟರುಗಳಿಗೆ ಒಂದು ಪ್ರಶ್ನೆ ಕಳಿಸಿದ. ನಿಮ್ಮ ಜಿಲ್ಲೆಯಲ್ಲಿ ಎಷ್ಟು ಶಾಲೆ ಇವೆ, ಯಾರು ಓದುತ್ತಾರೆ, ಏನು ಓದುತ್ತಾರೆ ಅಂತ. ಎಷ್ಟೋ ಕಲೆಕ್ಟರುಗಳು ಅಂಕಿ ತುಂಬಿ ಕಳಿಸಿ ಕೈ ತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ ಮಾತ್ರ 1823ರ ಆಗಸ್ಟ್‌ನಲ್ಲಿ ಉದ್ದದ ಪತ್ರ ಬರೆದ. ಆಗಿನ ಬಳ್ಳಾರಿ ದೊಡ್ಡ ಜಿಲ್ಲೆ, ಅನಂತಪುರವೂ ಅದರೊಳಗೇ ಇತ್ತು. ಜನಸಂಖ್ಯೆ ಒಂಬತ್ತು ಲಕ್ಷದ ಮೇಲೆ. ಶಾಲೆಗಳು 533, ಮಕ್ಕಳು 6,641. ಕನ್ನಡ ಕಲಿಸುವ ಶಾಲೆ 235, ತೆಲುಗಿನವು 226. ಇಂಗ್ಲಿಷ್ ಕಲಿಸುವುದು ಒಂದೇ ಒಂದು. ಇಷ್ಟೂ ಮಕ್ಕಳಲ್ಲಿ ಹುಡುಗಿಯರು ಬರೀ 60.

ಅಂಗೈಯ ಕತೆ ಅದೇ ಪತ್ರದಲ್ಲಿದೆ. ನನಗೆ ಆ ಸೊನ್ನೆ ಬಹಳ ಇಷ್ಟ. ಎರಡನೆಯವನಾಗಿ ಬಂದವನ ಪಾಡು ನೋಡಿ, ದಿನವೆಲ್ಲ ಕೈಯಲ್ಲಿ ಒಂದು ಸೊನ್ನೆ ಹೊತ್ತುಕೊಂಡು ತಿರುಗಬೇಕು!

ಈಗ ಒಂದು ಪ್ರಶ್ನೆ. ಈ ಮಠದಲ್ಲಿ ಧರ್ಮ ಅನ್ನುವ ಪಾಠ ಎಷ್ಟು ಗಂಟೆಗೆ ಇತ್ತು? ಇರಲೇ ಇಲ್ಲ. ಅದಕ್ಕೊಂದು ಬೇರೆ ಗಂಟೆ ಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ. ಮೀನಿಗೆ ನೀರಿನ ಪಾಠ ಯಾಕೆ? ಮಗುವಿಗೆ ಐದು ವರ್ಷ ತುಂಬಿದರೆ ಮನೆಯವರು ಐಗಳನ್ನೂ ಮಠದ ಮಕ್ಕಳನ್ನೂ ಕರೆಸುತ್ತಿದ್ದರು. ನಡುವೆ ಗಣಪತಿ, ಸುತ್ತ ಮಕ್ಕಳು. ಧೂಪ ಹಾಕಿ, ಮಗುವಿನ ಬಾಯಲ್ಲಿ ಒಂದು ಪ್ರಾರ್ಥನೆ ಹೇಳಿಸಿ, ಆಮೇಲೆ ಐಗಳು ಮಗುವಿನ ಬೆರಳು ಹಿಡಿದು ಅಕ್ಕಿಯಲ್ಲಿ ದೇವರ ಹೆಸರು ಬರೆಸುತ್ತಿದ್ದರು. ಕಲಿತ ಮೊದಲ ಅಕ್ಷರವೇ ದೇವರು. ಅಲ್ಲಿಂದ ಮರಳಿನ ಮೇಲೆ ತಿದ್ದುವುದು, ಆಮೇಲೆ ಓಲೆಗರಿ, ಕಡತ. ರಜೆ ಅಂದರೆ ಹುಣ್ಣಿಮೆ, ಅಮಾವಾಸ್ಯೆ. ಭಾನುವಾರ ಅನ್ನುವುದು ಇನ್ನೂ ನಮ್ಮ ಮಕ್ಕಳ ಬಾಳಿಗೆ ಬಂದಿರಲಿಲ್ಲ. ಮಾರ್ನಮಿ ಬಂದರೆ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಐಗಳು ಮನೆ ಮನೆಗೆ ಹೊರಡುತ್ತಿದ್ದರು. ಮಕ್ಕಳು ಕೋಲು ಹೊಡೆಯುತ್ತಾ ಚೌಪದ ಹೇಳುವುದು, ಮನೆಯವರಿಗೆ ಒಳ್ಳೆಯದಾಗಲಿ ಅನ್ನುವುದು, ಮನೆಯವರು ಐಗಳಿಗೆ ಕಾಸೋ ಧಾನ್ಯವೋ ಕೊಡುವುದು. ಐಗಳ ವರ್ಷದ ಸಂಪಾದನೆಯಲ್ಲಿ ಅದೂ ಒಂದು ಪಾಲು.

ಕ್ಯಾಂಪ್‌ಬೆಲ್ ಓದಿಸುವ ಪುಸ್ತಕಗಳ ಪಟ್ಟಿಯನ್ನೂ ಕೊಟ್ಟಿದ್ದಾನೆ. ಅದನ್ನು ಓದುವುದೇ ಒಂದು ಮಜಾ. ಸಾಹೇಬರ ಕಿವಿಗೆ ಬಿದ್ದದ್ದು ಕಾಗದಕ್ಕೆ ಇಳಿಯುವಾಗ ‘ಗಿರಿಜಾ ಕಲ್ಯಾಣ’ ಹೋಗಿ ‘ಗೀರುಜ ಕುಲ್ಲಾನ’ ಆಗಿದೆ. ಆದರೆ ಪಟ್ಟಿಯೊಳಗೆ ಒಂದು ಮುಖ್ಯ ಸಂಗತಿ ಇದೆ. ಎಲ್ಲರಿಗೂ ಒಂದೇ ಪುಸ್ತಕ ಅಲ್ಲ. ರಾಮಾಯಣ, ಭಾರತ, ಭಾಗವತ ಒಂದು ಕಡೆ. ಕಸುಬಿನವರ ಮಕ್ಕಳಿಗೆ ವಿಶ್ವಕರ್ಮ ಪುರಾಣದಂಥವು. ಲಿಂಗ ಕಟ್ಟಿದವರ ಮಕ್ಕಳಿಗೆ ಚೆನ್ನಬಸವ ಪುರಾಣ, ರಾಘವಾಂಕನ ಕಾವ್ಯ. ಅವರವರ ದೇವರು ಅವರವರ ಓಲೆಗರಿಯಲ್ಲಿ.

ಇಷ್ಟೆಲ್ಲ ಬರೆದು ಕ್ಯಾಂಪ್‌ಬೆಲ್ ಕೊನೆಗೆ ಒಂದು ಮಾತು ಕುಟುಕುತ್ತಾನೆ. ಈ ಮಕ್ಕಳು ರಾಶಿ ರಾಶಿ ಪದ್ಯ ಒಪ್ಪಿಸುತ್ತಾರೆ, ಆದರೆ ಅರ್ಥ ಗಿಳಿಗೆ ಗೊತ್ತಿದ್ದಷ್ಟೇ ಗೊತ್ತು ಅಂತ. ಹಳಗನ್ನಡದ ಪದ್ಯ, ಮಾಸ್ತರಿಗೇ ಅರ್ಥ ಗೊತ್ತಿಲ್ಲ, ಇನ್ನು ಮಕ್ಕಳಿಗೆಲ್ಲಿ?

ಅವನು ಹೇಳಿದ್ದು ಪೂರಾ ಸುಳ್ಳಲ್ಲ. ಆದರೆ ಅರ್ಧ. ನನ್ನ ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಅಣ್ಣಂದಿರು ಒಪ್ಪಿಸುವುದನ್ನು ಬಾಗಿಲ ಮರೆಯಲ್ಲಿ ಕೇಳಿ ಕೇಳಿ ಜೈಮಿನಿ ಭಾರತದ ಪದ್ಯಗಳು ಅವಳ ಬಾಯಿಗೆ ಬಂದಿದ್ದವು. ಸೀತೆಯನ್ನು ಕಾಡಿಗೆ ಬಿಟ್ಟು ಬರುವ ಭಾಗ ಹೇಳುವಾಗ ಅಜ್ಜಿ ಒಂದು ಕಡೆ ಯಾವಾಗಲೂ ನಿಲ್ಲಿಸುತ್ತಿದ್ದಳು. ಯಾಕಜ್ಜಿ ಅಂದರೆ, ‘ಚಿಕ್ಕೋಳಿದ್ದಾಗ ಸುಮ್ನೆ ಹೇಳ್ತಿದ್ದೆ ಕಣೋ, ನಿಮ್ಮಮ್ಮ ಹುಟ್ಟಿದ ಮೇಲೆ ಇಲ್ಲಿ ಗಂಟಲು ಕಟ್ಟುತ್ತೆ’ ಅನ್ನುತ್ತಿದ್ದಳು. ಆ ಪದ್ಯದ ಅರ್ಥ ತಲುಪಲು ಹದಿನೈದು ವರ್ಷ ಹಿಡಿಯಿತು. ಕಲೆಕ್ಟರಿಗೆ ಅಷ್ಟು ಹೊತ್ತು ಕಾಯಲು ಪುರುಸೊತ್ತೆಲ್ಲಿ?

ಹಾಗಂತ ಆ ಮಠವನ್ನು ಸ್ವರ್ಗ ಮಾಡಬೇಡಿ. ಇತ್ತೀಚೆಗೆ ಹಾಗೆ ಮಾಡುವವರು ಜಾಸ್ತಿಯಾಗಿದ್ದಾರೆ. ಸೋಮಾರಿ ಹುಡುಗನ ಎರಡೂ ಕೈಗೆ ಹಗ್ಗ ಕಟ್ಟಿ ಸೂರಿಗೆ ತೂಗು ಹಾಕುವ ಶಿಕ್ಷೆಯೂ ಅಲ್ಲೇ ಇತ್ತು. ಅದಕ್ಕೆ ಕೋದಂಡ ಅಂತ ಚಂದದ ಹೆಸರು ಬೇರೆ, ರಾಮನ ಬಿಲ್ಲಿನ ಹೆಸರು! ಛಡಿ ಚಂ ಚಂ, ವಿದ್ಯೆ ಘಂ ಘಂ ಅಂತ ಹಾಡಿಕೊಂಡು ಹೊಡೆಯುತ್ತಿದ್ದರು. ಹೊಡೆತವೂ ಪೂಜೆಯೂ ಒಂದೇ ಕೈಯಿಂದ. ಮಗುವಿಗೆ ಅವೆರಡೂ ಬೇರೆ ಅಂತ ಗೊತ್ತಾಗುವುದು ಕಷ್ಟ, ಅಲ್ವಾ?

ಸರಿ, ಈಗ ಎರಡನೆಯ ಮಾಸ್ತರರ ಹತ್ತಿರ ಹೋಗೋಣ. ಮಿಶನ್ ಶಾಲೆಯ ಮಾಸ್ತರು.

ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಬಾಸೆಲ್ ಮಿಶನ್ನಿನ ಮೂವರು ಮಂಗಳೂರಿಗೆ ಇಳಿದದ್ದು 1834ರಲ್ಲಿ. ಇವರ ಶಾಲೆಯಲ್ಲಿ ಮೊದಲ ಬಾರಿಗೆ ಧರ್ಮಕ್ಕೆ ಒಂದು ಗಂಟೆ ಸಿಕ್ಕಿತು. ಗಂಟೆ ಅಂದರೆ ನಿಜವಾದ ಗಂಟೆ, ಹೊಡೆದರೆ ಢಣ್ ಅನ್ನುವುದು. ಬೆಳಗ್ಗೆ ಪ್ರಾರ್ಥನೆ, ಒಂದು ಹಾಡು, ಬೈಬಲ್ ಪಾಠ, ಪ್ರಶ್ನೋತ್ತರ. ಪ್ರಶ್ನೋತ್ತರ ಅಂದರೆ ಪ್ರಶ್ನೆಯೂ ಅಚ್ಚಾಗಿರುತ್ತದೆ, ಉತ್ತರವೂ ಅಚ್ಚಾಗಿರುತ್ತದೆ. ನಿನ್ನನ್ನು ಯಾರು ಸೃಷ್ಟಿ ಮಾಡಿದರು ಅಂತ ಮಾಸ್ತರು ಕೇಳಬೇಕು, ದೇವರು ಅಂತ ಮಕ್ಕಳು ಒಟ್ಟಿಗೆ ಕೂಗಬೇಕು. ನಮ್ಮ ಮಠದ ಗಿಳಿಯನ್ನು ನೋಡಿ ನಕ್ಕವರ ಊರಿನವರೇ ಇನ್ನೊಂದು ಗಿಳಿ ಸಾಕಿದರು ಅಂತ ನಾನು ತಮಾಷೆಗೆ ಹೇಳುವುದುಂಟು. ಆದರೆ ಒಂದು ವ್ಯತ್ಯಾಸ ಇತ್ತು. ಇದು ಮಾತಿನ ಕನ್ನಡ, ಗದ್ಯ. ಹುಡುಗನಿಗೆ ಆ ಹೊತ್ತಿಗೇ ಅರ್ಥವಾಗುತ್ತಿತ್ತು.

ಪಾದ್ರಿಗಳಿಗೆ ಒಂದು ದೊಡ್ಡ ತಾಪತ್ರಯ ಇತ್ತು. ಶಾಲೆಗಳು ಬೇಗ ಬೇಗ ತೆರೆದವು, ಕಲಿಸಲು ಕ್ರೈಸ್ತ ಮಾಸ್ತರುಗಳೇ ಸಾಲರು. ಹಾಗಾಗಿ ಊರಿನ ಹಳೆಯ ಐಗಳನ್ನೇ ಸಂಬಳ ಕೊಟ್ಟು ಇಟ್ಟುಕೊಂಡರು. ಆ ಶಾಲೆಯ ಒಂದು ಬೆಳಗನ್ನು ಸುಮ್ಮನೆ ಕಣ್ಣಮುಂದೆ ತಂದುಕೊಳ್ಳಿ. ಐಗಳು ಹಣೆ ತುಂಬ ವಿಭೂತಿ ಬಳಿದುಕೊಂಡು ಚಾಪೆಯ ಮೇಲೆ ಕೂತಿದ್ದಾರೆ. ಕೈಯಲ್ಲಿ ಮಿಶನ್ನಿನ ಪುಸ್ತಕ. ವಿಗ್ರಹಗಳಿಗೆ ಅಡ್ಡಬೀಳಬೇಡ ಅಂತ ಹೇಳಿಕೊಡುತ್ತಿದ್ದಾರೆ. ಮಕ್ಕಳು ಕೂಗಿ ಕೂಗಿ ಬಾಯಿಪಾಠ ಮಾಡುತ್ತಿದ್ದಾರೆ. ಪಾಠ ಮುಗಿಯಿತು, ಮಾಸ್ತರು ಎದ್ದು ಹೆಗಲ ಮೇಲೆ ಶಾಲು ಹಾಕಿಕೊಂಡು ಈಶ್ವರನ ಗುಡಿಗೆ ಹೊರಟರು. ಹಿಂದೆ ಅದೇ ಮಕ್ಕಳು! ಇದರಿಂದ ಹುಡುಗರು ಏನು ಕಲಿತಿರಬಹುದು? ಶಾಲೆಯಲ್ಲಿ ಹೇಳುವುದು ಬೇರೆ, ಬದುಕುವುದು ಬೇರೆ ಅನ್ನುವುದನ್ನು ಚೆನ್ನಾಗಿ ಕಲಿತಿರಬೇಕು. ಆ ಪಾಠ ನಮ್ಮಲ್ಲಿ ಇವತ್ತಿಗೂ ಗಟ್ಟಿಯಾಗಿದೆ.

ಆದರೆ ಎಲ್ಲರೂ ಹಾಗೆ ಕಿವಿಯಿಂದ ಕಿವಿಗೆ ಬಿಡಲಿಲ್ಲ. 1844ರ ಜನವರಿಯಲ್ಲಿ ಮಂಗಳೂರಿನ ಮಿಶನ್ ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯ ಅನ್ನುವ ಸಾರಸ್ವತ ಬ್ರಾಹ್ಮಣ ಹುಡುಗ ದೀಕ್ಷಾಸ್ನಾನ ತೆಗೆದುಕೊಂಡ. ಊರು ಹೊತ್ತಿಕೊಂಡಂತೆ ಆಯಿತು. ತಂದೆ ತಾಯಂದಿರು ಮಕ್ಕಳನ್ನು ಶಾಲೆ ಬಿಡಿಸಿದರು. ಆನಂದರಾವ್ ಮುಂದೆ ಬಾಸೆಲ್‌ಗೆ ಹೋಗಿ ಓದಿ, ಪಾದ್ರಿಯಾಗಿಯೇ ಈ ಕರಾವಳಿಗೆ ವಾಪಸ್ ಬಂದರು. ಆ ವರ್ಷ ಶಾಲೆ ಬಿಟ್ಟ ಮಕ್ಕಳಲ್ಲಿ ಬಹಳ ಜನ ನಿಧಾನಕ್ಕೆ ಮರಳಿದರು ಅನ್ನುವುದನ್ನೂ ಹೇಳಬೇಕು. ಯಾಕೆಂದರೆ ಇಂಗ್ಲಿಷ್ ಬೇಕಿತ್ತು. ಕಚೇರಿಯಲ್ಲಿ ಕೆಲಸ ಬೇಕಿತ್ತು. ಸಂಜೆ ಹಿತ್ತಲ ಬಾಗಿಲಿಂದ ಒಳಗೆ ಬಂದು, ತಲೆ ಮೇಲೆ ನೀರು ಹುಯ್ದುಕೊಂಡರೆ ಮುಗಿಯಿತು. ಮಡಿಗೆ ಮಡಿ, ಓದಿಗೆ ಓದು.

ಇನ್ನೊಂದು ಕಡೆ ಮಿಶನ್ನಿನವರೂ ನಮ್ಮ ದಾರಿಗೆ ಬಂದರು. ಪದ್ಯ ಬಿಟ್ಟರೆ ಕನ್ನಡದ ಮಗುವಿನ ಎದೆಗೆ ಏನೂ ಇಳಿಯುವುದಿಲ್ಲ ಅಂತ ಅವರಿಗೆ ಗೊತ್ತಾಯಿತು. ನಿಘಂಟು ಮಾಡಿದ ಕಿಟೆಲ್ 1862ರಲ್ಲಿ ಏಸುವಿನ ಕತೆಯನ್ನು ನಮ್ಮದೇ ಛಂದಸ್ಸಿನಲ್ಲಿ ಕಟ್ಟಿದರು. ಅದಕ್ಕೂ ಮೊದಲು ಹರ್ಮನ್ ಮೋಗ್ಲಿಂಗ್ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಮಂಗಳೂರಿನಲ್ಲಿ ಕಲ್ಲಚ್ಚು ಹಾಕಿಸಿದ್ದರು. ಕನ್ನಡದ ಮೊದಲ ಪತ್ರಿಕೆ ತಂದವರೂ ಅವರೇ, 1843ರಲ್ಲಿ. ಯಾವ ಪುರಾಣಗಳನ್ನು ಬಿಡಿಸಬೇಕು ಅಂತ ಹಡಗು ಹತ್ತಿ ಬಂದರೋ ಅದೇ ಪುರಾಣಗಳನ್ನು ಅಚ್ಚು ಹಾಕಿ ಉಳಿಸಿದರು. ಇದಕ್ಕೆ ಏನನ್ನಬೇಕೋ ನೀವೇ ಹೇಳಿ.

ಮೂರನೆಯವರು ಸರ್ಕಾರಿ ಮಾಸ್ತರು. ಇವರ ಕತೆಯೇ ನನಗೆ ಹೆಚ್ಚು ಕುತೂಹಲ. ಯಾಕೆಂದರೆ ಇವರಿಗೆ ಬಾಯಿಗೆ ಬೀಗ ಹಾಕಿದ್ದರು.

1854ರಲ್ಲಿ ಲಂಡನ್ನಿನಿಂದ ಶಿಕ್ಷಣದ ಬಗ್ಗೆ ಒಂದು ದೊಡ್ಡ ಆದೇಶ ಬಂತು, ವುಡ್ ಸಾಹೇಬರ ಹೆಸರಿನದು. ಸರ್ಕಾರಿ ಶಾಲೆಯಲ್ಲಿ ಯಾವ ಮತವನ್ನೂ ಕಲಿಸಕೂಡದು ಅಂತ ಅದರಲ್ಲಿತ್ತು. ಜೊತೆಗೆ ಒಂದು ಸಣ್ಣ ಕಿಂಡಿ. ಬೈಬಲ್ ಶಾಲೆಯ ಪುಸ್ತಕದ ಕಪಾಟಿನಲ್ಲಿ ಇರಬಹುದು. ಹುಡುಗರು ತಾವಾಗಿ ಬಂದು ಕೇಳಿದರೆ ಮಾಸ್ತರು ಕ್ರೈಸ್ತ ಧರ್ಮದ ಬಗ್ಗೆ ವಿವರಿಸಬಹುದು. ಆದರೆ ಶಾಲೆಯ ಹೊತ್ತು ಮುಗಿದ ಮೇಲೆ! ಅಂದರೆ ಗಂಟೆ ಹೊಡೆಯುವವರೆಗೆ ದೇವರು ಬಾಗಿಲ ಹೊರಗೆ ನಿಂತಿರಬೇಕು. ನಾಲ್ಕು ವರ್ಷದ ಮೇಲೆ, ದಂಗೆಯ ಬಿಸಿ ಆರುವ ಹೊತ್ತಿಗೆ, ವಿಕ್ಟೋರಿಯಾ ರಾಣಿಯೂ ಪ್ರಜೆಗಳ ಮತದಲ್ಲಿ ಕೈ ಹಾಕುವುದಿಲ್ಲ ಅಂತ ಸಾರಿಬಿಟ್ಟಳು.

ಕಾಗದದ ಮೇಲೆ ಸರಿ. ಆದರೆ ಸರ್ಕಾರಿ ಶಾಲೆಯ ಮಾಸ್ತರು ಯಾರು? ಎಷ್ಟೋ ಕಡೆ ಐಗಳ ಮಗ, ಇಲ್ಲ ಅಳಿಯ. ಧಾರವಾಡದಂಥ ಊರಿನ ನಾರ್ಮಲ್ ಸ್ಕೂಲಿನಲ್ಲಿ ತರಬೇತಿ ಮುಗಿಸಿ ತಲೆಗೆ ರುಮಾಲು ಸುತ್ತಿಕೊಂಡು ಬಂದವನು. ಅವನ ಮನೆಯಲ್ಲಿ ಶುಕ್ರವಾರ ಸರಸ್ವತಿ ಪೂಜೆ ಆಗುತ್ತಿತ್ತು. ಅದು ಶಾಲೆಗೂ ಬಂತು. ಚೌತಿ ಬಂದರೆ ಗಣಪತಿಯೂ ಬಂದ. ಇನ್ಸ್‌ಪೆಕ್ಟರು ಬರುವ ದಿನ ಮಾತ್ರ ಎಲ್ಲ ಸೆಕ್ಯುಲರ್.

ಮತ ಕಲಿಸಬಾರದು ಅಂದಮೇಲೆ ಮಕ್ಕಳಿಗೆ ಒಳ್ಳೆಯದನ್ನು ಯಾವುದರಲ್ಲಿ ಕಲಿಸಬೇಕು? ಆಗ ಪಠ್ಯಪುಸ್ತಕದೊಳಗೆ ಒಂದು ಹೊಸ ಸಾಲು ಹುಟ್ಟಿಕೊಂಡಿತು. ನೀವೆಲ್ಲ ಅದನ್ನು ಓದಿಯೇ ಬೆಳೆದವರು. ಕತೆ ಮುಗಿಯುತ್ತದೆ, ಕೆಳಗೆ ಒಂದು ಗೆರೆ. ‘ನೀತಿ: ಅತಿಯಾಸೆ ಗತಿಗೇಡು.’ ಈ ಗೆರೆಯ ಕೆಳಗಿನ ನೀತಿ ನಮ್ಮ ಹಳೆಯ ಸರಕು ಅಂತ ನಾವು ಅಂದುಕೊಂಡಿದ್ದೇವೆ. ನನಗೆ ಹಾಗೆ ಅನ್ನಿಸುವುದಿಲ್ಲ. ದೇವರನ್ನು ಹೊರಗೆ ನಿಲ್ಲಿಸಿದಾಗ ಖಾಲಿಯಾದ ಜಾಗದಲ್ಲಿ ಬಂದು ಕೂತದ್ದು ಅದು.

ಹಾಗಂತ ಯಾಕೆ ಹೇಳುತ್ತೇನೆ ಕೇಳಿ. ‘ನೀತಿ’ ಅನ್ನುವ ಮಾತೇನೋ ಹಳೆಯದು. ಆದರೆ ಪಂಚತಂತ್ರದಲ್ಲಿ ನೀತಿ ಅಂದರೆ ಏನು? ಬದುಕುವ ಜಾಣತನ. ಸಾವಿರ ವರ್ಷದ ಹಿಂದೆ ದುರ್ಗಸಿಂಹ ಅದನ್ನು ಕನ್ನಡಕ್ಕೆ ತಂದಾಗಲೂ ಅದು ರಾಜಕುಮಾರರಿಗೆ ಬುದ್ಧಿ ಕಲಿಸುವ ಪುಸ್ತಕ. ಯಾರನ್ನು ನಂಬಬೇಕು, ಯಾವಾಗ ಓಡಬೇಕು, ಬಲವಿಲ್ಲದವನು ಬಲವಂತನನ್ನು ಹೇಗೆ ಮಣಿಸಬೇಕು ಅನ್ನುವ ಲೆಕ್ಕ. ಹೊಸ ಶಾಲೆಯ ನೀತಿ ಬೇರೆ. ಸತ್ಯ ಹೇಳು. ಹೊತ್ತಿಗೆ ಸರಿಯಾಗಿ ಬಾ. ಕಾಸು ಕೂಡಿಡು. ಮೈ ಕೈ ತೊಳೆದುಕೋ. ದೊಡ್ಡವರ ಮಾತು ಕೇಳು. ಒಬ್ಬ ಒಳ್ಳೆಯ ಗುಮಾಸ್ತನಿಗೆ ಏನೇನು ಬೇಕೋ ಎಲ್ಲ ಇದೆ ನೋಡಿ.

ಎರಡೂ ಒಂದೇ ಪುಸ್ತಕದಲ್ಲಿ ಬಂದರೆ ಏನಾಗುತ್ತದೆ? ಮಾಸ್ತರು ಸೋಮವಾರ ಸುಳ್ಳು ಹೇಳಬಾರದು ಅನ್ನುವ ಪಾಠ ಮಾಡುತ್ತಾರೆ. ತೋಳ ಬಂತು ತೋಳ ಅಂತ ಸುಳ್ಳು ಕೂಗಿದ ಕುರಿ ಕಾಯುವ ಹುಡುಗನ ಪಾಡು, ಈಸೋಪನದು. ಮಂಗಳವಾರ ಸಿಂಹ ಮತ್ತು ಮೊಲ. ಮೊಲ ಏನು ಮಾಡಿತು? ದಾರಿಯಲ್ಲಿ ಇನ್ನೊಂದು ಸಿಂಹ ಅಡ್ಡ ಹಾಕಿತು ಒಡೆಯಾ ಅಂತ ಹಸಿ ಹಸಿ ಸುಳ್ಳು ಹೇಳಿ, ಬಾವಿ ತೋರಿಸಿ, ಸಿಂಹವನ್ನು ಅದರೊಳಗೆ ಹಾರಿಸಿ ಕೊಂದಿತು. ನಾನು ಮೇಷ್ಟರಾಗಿದ್ದಾಗ ಮೂರನೇ ಕ್ಲಾಸಿನ ಒಬ್ಬ ಹುಡುಗ ಎದ್ದು ನಿಂತು ಕೇಳಿಯೇಬಿಟ್ಟ. ‘ಸಾ, ಮೊಲಕ್ಕೆ ಮಾತ್ರ ಸುಳ್ಳು ಹೇಳಬಹುದಾ?’ ನಾನು ಏನೋ ತೇಲಿಸಿ ಕೂರಿಸಿದೆ. ನೂರೈವತ್ತು ವರ್ಷದ ಹಿಂದೆ ಆ ಪ್ರಶ್ನೆ ಕೇಳಿದ ಹುಡುಗನಿಗೆ ಬಹುಶಃ ಬಸ್ಕಿ ಹೊಡೆಸಿರುತ್ತಾರೆ.

ಮೊಲದ ಕತೆಗೆ ಪಠ್ಯಪುಸ್ತಕ ಹಾಕಿದ ನೀತಿ ‘ಬುದ್ಧಿಯೇ ಬಲ’. ಒಪ್ಪಿದೆ. ಆದರೆ ಬೇರೆ ಯಾರೋ ಬಂದು ಆಳುತ್ತಿದ್ದ ನಾಡಿನಲ್ಲಿ, ದಿನಕ್ಕೊಂದು ಪ್ರಾಣಿಯನ್ನು ಕಪ್ಪವಾಗಿ ತಿನ್ನುವ ಸಿಂಹದ ಕತೆಯನ್ನು ಆಳುವವರ ಖರ್ಚಿನಲ್ಲೇ ಮಕ್ಕಳಿಗೆ ಹೇಳುತ್ತಿದ್ದರು. ಇನ್ಸ್‌ಪೆಕ್ಟರಿಗೆ ಅದು ಹೊಳೆಯಿತೋ ಇಲ್ಲವೋ! ರಾಜಭಕ್ತಿಗೆ ಬೇರೆ ಪಾಠಗಳಿದ್ದವು. ರಾಣಿಯ ರಾಜ್ಯದಲ್ಲಿ ರೈಲು ಬಂತು, ತಂತಿ ಬಂತು, ಕಳ್ಳರ ಕಾಟ ತಪ್ಪಿತು ಅನ್ನುವ ಧಾಟಿಯವು. 1911ರ ಡಿಸೆಂಬರಿನಲ್ಲಿ ದಿಲ್ಲಿ ದರ್ಬಾರ್ ಆದಾಗ ಶಾಲೆ ಶಾಲೆಗಳಲ್ಲಿ ಮಕ್ಕಳಿಗೆ ಸಿಹಿ ಹಂಚಿದರು. ಸಿಹಿ ತಿಂದ ಮಕ್ಕಳಲ್ಲಿ ಎಷ್ಟೋ ಜನ ಹತ್ತು ವರ್ಷದ ಮೇಲೆ ಗಾಂಧಿ ಟೋಪಿ ಹಾಕಿಕೊಂಡರು.

1882ರಲ್ಲಿ ಶಿಕ್ಷಣದ ವಿಚಾರಣೆಗೆ ಸರ್ಕಾರ ನೇಮಿಸಿದ ಹಂಟರ್ ಆಯೋಗ ಕೂತಿತು. ಈ ನೀತಿಯ ತಲೆನೋವು ಅದರ ಮುಂದೆಯೂ ಬಂತು. ಸರ್ಕಾರಿ ಶಾಲೆಯಲ್ಲಿ ಓದಿದ ಹುಡುಗರು ದೇವರೂ ಇಲ್ಲದೆ ದೊಡ್ಡವರ ಭಯವೂ ಇಲ್ಲದೆ ಬೆಳೆಯುತ್ತಿದ್ದಾರೆ ಅಂತ ಪಾದ್ರಿಗಳೂ ದೂರಿದರು, ನಮ್ಮ ಹಿರಿಯರೂ ದೂರಿದರು. ಇಬ್ಬರೂ ಒಂದೇ ಮಾತಿಗೆ ಬಂದ ಅಪರೂಪದ ಸಂದರ್ಭ. ಆಯೋಗ ಎರಡು ದಾರಿ ಹೇಳಿತು. ಕಾಲೇಜುಗಳಿಗೆ ಒಂದು ನೀತಿ ಪಠ್ಯಪುಸ್ತಕ ಬರೆಸೋಣ, ಅದು ಯಾವ ಮತಕ್ಕೂ ಅಂಟಿಕೊಳ್ಳದೆ ಎಲ್ಲರಿಗೂ ಹೊಂದುವ ಸಹಜ ಧರ್ಮದ ಮೇಲೆ ನಿಂತಿರಲಿ ಅಂತ. ಕೆಳಗಿನ ಶಾಲೆಗಳಲ್ಲಿ ಮಕ್ಕಳ ನಡತೆಯನ್ನು ಮಾಸ್ತರೂ ಇನ್ಸ್‌ಪೆಕ್ಟರೂ ನೋಡಿಕೊಳ್ಳಲಿ, ಮಾಸ್ತರಿಗೆ ಒಂದು ಕೈಪಿಡಿ ಕೊಡೋಣ ಅಂತ.

ಆಯೋಗದಲ್ಲಿ ಮುಂಬಯಿಯ ಕಾಶೀನಾಥ ತ್ರ್ಯಂಬಕ ತೆಲಂಗ್ ಇದ್ದರು. ವಕೀಲರು, ಸಂಸ್ಕೃತ ಬಲ್ಲವರು, ಆಗ ಅವರಿಗೆ ಇನ್ನೂ ಮೂವತ್ತೆರಡರ ಆಸುಪಾಸು. ಈ ನೀತಿ ಪಠ್ಯಪುಸ್ತಕಕ್ಕೆ ಅವರು ಒಪ್ಪಲಿಲ್ಲ. ತಮ್ಮ ಅಭಿಪ್ರಾಯವನ್ನು ಬೇರೆಯಾಗಿ ಬರೆದು ಸೇರಿಸಿದರು. ಎಲ್ಲರ ದೇವರನ್ನೂ ಸೋಸಿ ತೆಗೆದ ಮೇಲೆ ಉಳಿಯುವ ಚರಟಕ್ಕೆ ರುಚಿ ಎಲ್ಲಿಂದ ಬರಬೇಕು? ಇದು ನನ್ನ ಮಾತು, ಅವರದಲ್ಲ. ಆದರೆ ಅವರ ಪಕ್ಕದಲ್ಲಿ ಕೂತಿದ್ದರೆ ನಾನೂ ರುಜು ಹಾಕುತ್ತಿದ್ದೆ.

ಮೈಸೂರಿನ ಕತೆ ಸ್ವಲ್ಪ ಬೇರೆ. ಅಲ್ಲಿ ಮಹಾರಾಜರ ರಾಜ್ಯ. ಮತದಲ್ಲಿ ಕೈ ಹಾಕುವುದಿಲ್ಲ ಅನ್ನುವ ಅಂಜಿಕೆ ಅಷ್ಟಿರಲಿಲ್ಲ. ಅಂಬಳೆ ನರಸಿಂಹ ಅಯ್ಯಂಗಾರರು 1881ರಲ್ಲಿ ಹುಡುಗಿಯರ ಶಾಲೆ ತೆರೆದಾಗ, ಮೇಲುಜಾತಿಯ ಮನೆಗಳು ಮಗಳನ್ನು ಕಳಿಸಬೇಕಾದರೆ ಹಾಡು, ಹಸೆ, ಸ್ತೋತ್ರ ಎಲ್ಲ ಇರಲೇಬೇಕು ಅಂತ ಅವರಿಗೆ ಗೊತ್ತಿತ್ತು. ದೇವರನ್ನು ಮುಂದೆ ಬಿಟ್ಟು ಹಿಂದಿನಿಂದ ಹುಡುಗಿಯರನ್ನು ಕರೆತಂದರು. ಜಾಣರು. ಪಂಚತಂತ್ರದವರು ಮೆಚ್ಚಿಕೊಳ್ಳುತ್ತಿದ್ದರು. ಆಮೇಲೆ 1908ರಲ್ಲಿ, ದಿವಾನ್ ವಿ. ಪಿ. ಮಾಧವರಾಯರ ಕಾಲಕ್ಕೆ, ಸಂಸ್ಥಾನದ ಶಾಲೆಗಳಲ್ಲಿ ಧರ್ಮ ಮತ್ತು ನೀತಿ ಬೋಧನೆಯೇ ಜಾರಿಗೆ ಬಂತು. ಮಠದಲ್ಲಿ ಗಾಳಿಯ ಹಾಗೆ ಎಲ್ಲೆಲ್ಲೂ ಇದ್ದದ್ದಕ್ಕೆ ಈಗ ವೇಳಾಪಟ್ಟಿಯಲ್ಲಿ ಒಂದು ಮನೆ ಸಿಕ್ಕಿತು. ಆ ಪಿರಿಯಡ್ಡಿನಲ್ಲಿ ಹುಡುಗರು ಏನು ಮಾಡುತ್ತಿದ್ದರು ಅನ್ನುವುದನ್ನು ಮೇಷ್ಟ್ರುಗಳಾದ ನಿಮಗೆ ನಾನು ಹೇಳಬೇಕಾಗಿಲ್ಲ.

ಒಂದು ವಿಷಯವನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೇನೆ. ಇಸವಿಯ ಲೆಕ್ಕದಲ್ಲಿ ಇದು ಮೊದಲೇ ಬರಬೇಕಿತ್ತು.

1856ರ ಜೂನ್ ತಿಂಗಳು. ಧಾರವಾಡ. ಆಗ ಮುಟ್ಟಬಾರದವರು ಅನ್ನಿಸಿಕೊಂಡಿದ್ದ ಮಹಾರ್ ಜಾತಿಯ ಒಬ್ಬ ಹುಡುಗ ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಕೇಳಿದ. ಸೇರಿಸಿಕೊಳ್ಳಲಿಲ್ಲ. ಅವನು ಅಲ್ಲಿಗೇ ಬಿಡಲಿಲ್ಲ, ಮುಂಬಯಿ ಸರ್ಕಾರಕ್ಕೆ ಅರ್ಜಿ ಹಾಕಿದ. ಆ ಕಾಲದಲ್ಲಿ, ಆ ವಯಸ್ಸಿನಲ್ಲಿ! ಮುಂಬಯಿ ಸರ್ಕಾರ ಕೊಟ್ಟ ಉತ್ತರದ ತಿರುಳು ಹೀಗಿದೆ. ನ್ಯಾಯವೇನೋ ಹುಡುಗನ ಕಡೆಗೇ ಇದೆ. ಆದರೆ ಒಬ್ಬಿಬ್ಬರಿಗಾಗಿ ತಲೆತಲಾಂತರದ ನಂಬಿಕೆಯಲ್ಲಿ ಕೈ ಹಾಕಿದರೆ ವಿದ್ಯೆಯ ಕೆಲಸಕ್ಕೇ ಪೆಟ್ಟು ಬೀಳುತ್ತದೆ. ಈ ಕಷ್ಟ ಸರ್ಕಾರ ಹುಟ್ಟಿಸಿದ್ದಲ್ಲ.

ನ್ಯಾಯ ನಿನ್ನ ಕಡೆಗಿದೆ, ಹೊರಗೆ ನಿಂತಿರು. ಅದೇ ಹೊತ್ತಿಗೆ ಒಳಗೆ ಮಾಸ್ತರು ಸತ್ಯ, ದಯೆ ಅಂತ ಏನೋ ಓದಿಸುತ್ತಿದ್ದರು ಅಂತ ಇಟ್ಟುಕೊಳ್ಳಿ. ಕಿಟಕಿಯ ಆಚೆ ಕೇಳಿಸುತ್ತದೆ.

ಈ ಅರ್ಜಿ ಮುಂಬಯಿಯಲ್ಲೇ ನಿಲ್ಲಲಿಲ್ಲ. ಕಲ್ಕತ್ತೆಯ ಸರ್ಕಾರ ಬಂಗಾಳದಲ್ಲಾದರೆ ಇಂಥ ಹುಡುಗನನ್ನು ತಿರುಗಿಸಿ ಕಳಿಸುತ್ತಿರಲಿಲ್ಲ ಅಂತ ಬರೆಯಿತು. ಲಂಡನ್ನಿನವರೆಗೆ ಹೋಯಿತು. 1858ರಲ್ಲಿ ಕಂಪನಿಯ ನಿರ್ದೇಶಕರು ಸರ್ಕಾರಿ ಶಾಲೆ ಎಲ್ಲ ವರ್ಗದವರಿಗೂ ತೆರೆದಿರಬೇಕು ಅಂದರು. ಒಬ್ಬ ಹುಡುಗನ ಅರ್ಜಿ ಸಮುದ್ರ ದಾಟಿ ಒಂದು ತತ್ವವನ್ನು ಬರೆಸಿ ತಂದಿತು. ಆದರೆ ತತ್ವ ಬಂದ ಮೇಲೂ ಊರೂರಿನಲ್ಲಿ ಆ ಮಕ್ಕಳು ಕೂತದ್ದು ಜಗುಲಿಯಲ್ಲಿ, ಬಾಗಿಲ ಹೊರಗೆ, ಮರದ ಕೆಳಗೆ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಇವರಿಗೆ ಬೇರೆ ಶಾಲೆಯನ್ನೇ ಕಟ್ಟಬೇಕಾಯಿತು. ಅವರ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಶುರುವಾದದ್ದು 1897ರಲ್ಲಿ, ಅಂದರೆ ಆ ಆದೇಶ ಬಂದು ಸುಮಾರು ನಲವತ್ತು ವರ್ಷದ ಮೇಲೆ. ರಂಗರಾಯರೂ ಮೇಷ್ಟರ ಕೆಲಸ ಮಾಡಿದವರೇ. ಅವರ ಜಾತಿಯವರು ಅವರನ್ನು ದೂರ ಇಟ್ಟರು.

ಈಗ ಮತ್ತೆ ಬಳ್ಳಾರಿಯ ಮಠಕ್ಕೆ ಹೋಗೋಣ. ಬೆಳಗ್ಗೆ ಆರು ಗಂಟೆ. ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿ. ಇದನ್ನು ಓದಿದ ಮೊದಲ ಸಲ ನನ್ನ ಗಮನವೆಲ್ಲ ಏಟಿನ ಲೆಕ್ಕದ ಮೇಲೇ ಇತ್ತು. ಬಹಳ ದಿನದ ಮೇಲೆ ಇನ್ನೊಂದು ಸಂಗತಿ ಹೊಳೆಯಿತು. ಅಕ್ಕಿಯಲ್ಲಿ ದೇವರ ಹೆಸರು ಬರೆಸಲು ಐಗಳು ಮಗುವಿನ ಬೆರಳು ಹಿಡಿಯಬೇಕು. ಅಂಗೈಯಲ್ಲಿ ಸರಸ್ವತಿ ಬರೆಯಲು ಎಡಗೈಯಲ್ಲಿ ಆ ಪುಟ್ಟ ಕೈ ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಅಕ್ಷರ ಅಲುಗುತ್ತದೆ. ಧಾರವಾಡದ ಹುಡುಗ ಕೋಳಿ ಕೂಗುವ ಮೊದಲೇ ಎದ್ದು, ಎಲ್ಲರಿಗಿಂತ ಮುಂಚೆ ಬಾಗಿಲಿಗೆ ಬಂದು, ಅಂಗೈ ಮುಂದೆ ಮಾಡಿದ ಅಂದುಕೊಳ್ಳಿ. ಮಾಸ್ತರು ಆ ಕೈ ಹಿಡಿಯಬೇಕಲ್ಲ.